ಹುಳದ ಮನೆಯ ಕಿಟಕಿ

ಶಿವನಂಜಮ್ಮನಿಗೆ ಕನಸು ಕಾಣಲು ನಿದ್ದೆಯೇ ಬೇಕೆಂದಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು, ಅದರ ಮುಂದೆ ನಿಂತಲ್ಲೇ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದ ಮೇಲೆ ವಾಪಸು ಬರುತ್ತಿದ್ದಳು. ಗಂಡ ರಾಮಲಿಂಗಯ್ಯ ಕೊಳ್ಳೇಗಾಲದ ಮನೆಯ ಗುಂಡಿಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಲೇ "ಬಂದೆಯಾ?" ಎಂದು ಕೇಳುತ್ತಿದ್ದ. ಇಂಥವಳನ್ನು ಸರ್ಕಾರ ಒಂದು ಶಾಲೆಗೆ ಹೆಡ್ಮಿಸ್ಟ್ರೆಸ್ ಮಾಡಿತು ಅಂದರೆ, ಸರ್ಕಾರವೂ ಆಗೊಮ್ಮೆ ಈಗೊಮ್ಮೆ ಕನಸು ಕಾಣುತ್ತದೆ ಎಂದೇ ಹೇಳಬೇಕು.

ಅದು ಸಾವಿರದ ಒಂಬೈನೂರ ಅರವತ್ತೆರಡು. ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿ ಆರು ವರ್ಷವಾಗಿತ್ತು. ಹೊಸದಾಗಿ ಹೆಡ್ಮಾಸ್ಟರಾದವರಿಗೆಲ್ಲ ಮೈಸೂರಿನಲ್ಲಿ ಒಂದು ವಾರ ತರಬೇತಿ ಇಟ್ಟಿದ್ದರು. ಕೊನೆಯ ದಿನ ಅಲ್ಲಿನ ಉಪನ್ಯಾಸಕರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತ ಒಂದು ಪ್ರಶ್ನೆ ಹಾಕಿದರು. "ಶಾಲೆ ನಡೆಸುವವರಿಗೆ ಕಾಲಡಿ ಒಂದು ನೆಲ ಇರಬೇಕು. ಏನು ಹೋದರೂ ಇದೊಂದನ್ನು ನಾನು ಬಿಡುವುದಿಲ್ಲ ಅನ್ನುವಂಥದ್ದು ನಿಮ್ಮಲ್ಲಿ ಏನಿದೆ? ಒಬ್ಬೊಬ್ಬರಾಗಿ ಎದ್ದು ಹೇಳಿ."

ಒಬ್ಬರು ಎದ್ದು ಶಿಸ್ತು ಎಂದರು. ಇನ್ನೊಬ್ಬರು ಸೇವೆ ಎಂದರು. ಒಬ್ಬ ಗಡ್ಡದ ಮೇಷ್ಟ್ರು ಎದೆ ಮುಟ್ಟಿಕೊಂಡು ದೇಶಪ್ರೇಮ ಎಂದರು. ಅವರಿಗೆ ಚಪ್ಪಾಳೆಯೂ ಬಿತ್ತು. ಕೊನೆಗೆ ಶಿವನಂಜಮ್ಮನ ಸರದಿ. ಆಕೆ ಅಷ್ಟು ಹೊತ್ತೂ ಕಿಟಕಿಯಾಚೆಗಿನ ಸಂಪಿಗೆ ಮರದ ಮೇಲಿದ್ದವಳು ದಿಢೀರನೆ ಇಳಿದು ಬಂದು, "ನನಗೆ ಗೊತ್ತಿಲ್ಲ ಸಾರ್. ಮಕ್ಕಳನ್ನ ನೋಡಿ ಹೇಳ್ತೀನಿ" ಎಂದಳು. ಇಡೀ ಕೋಣೆ ನಕ್ಕಿತು. ಮುಖ ಕೆಂಪಾಗಿ ಕೂತುಬಿಟ್ಟಳು. ಬಸ್ಸು ನರಸೀಪುರ ದಾಟುವವರೆಗೂ ಆಕೆಗೆ ನಾಚಿಕೆ ಇಳಿಯಲಿಲ್ಲ. ಪ್ರಶ್ನೆಯಂತೂ ಇಳಿಯಲೇ ಇಲ್ಲ. ಅದು ಆಕೆಯ ಜೊತೆಯಲ್ಲೇ ಹೊಂಗೆದೊಡ್ಡಿಗೆ ಬಂದು ಉಳಿಯಿತು.

ಹೊಂಗೆದೊಡ್ಡಿ ಬಂಡಳ್ಳಿಗೂ ಹನೂರಿಗೂ ನಡುವೆ, ರಸ್ತೆಯಿಂದ ಒಳಗೆ ಸರಿದು ಕೂತ ಊರು. ಶಾಲೆಗೆ ಎರಡು ಕೋಣೆ, ಒಂದು ಜಗಲಿ. ಅಂಗಳದಲ್ಲಿದ್ದ ಹೊಂಗೆಮರಕ್ಕೆ ಶಾಲೆಗಿಂತ ವಯಸ್ಸಾಗಿತ್ತು. ಆಕೆಯ ಜೊತೆ ಇದ್ದ ಇನ್ನೊಬ್ಬ ಮೇಷ್ಟ್ರು ಸದಾಶಿವಪ್ಪ, ಅದೇ ಊರಿನ ಜಮೀನ್ದಾರರ ಮನೆಯವನು, ಒಳ್ಳೆಯವನು, ಮದ್ರಾಸ್ ಕಾಲದಿಂದಲೂ ಅದೇ ಜಗಲಿಯ ಮೇಲೆ ಕೂತು ಅಲ್ಲಿನ ಸಿಮೆಂಟು ಸವೆಸಿದವನು. ಶಾಲೆ ಇದ್ದದ್ದು ನಾಲ್ಕನೇ ತರಗತಿವರೆಗೆ. ಮುಂದೆ ಓದಬೇಕೆಂದರೆ ಸೀಗೆಮೆಳೆಯ ಕಾಡು ಹಾಯ್ದು, ಹಳ್ಳ ದಾಟಿ ಬಂಡಳ್ಳಿಗೆ ಹೋಗಬೇಕು. ಗಂಡುಹುಡುಗರು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಅವರ ಓದು ಹಳ್ಳದ ಈಚೆ ದಡದಲ್ಲೇ ಮುಗಿಯುತ್ತಿತ್ತು.

ಐದನೇ ತರಗತಿ ಇಲ್ಲೇ ತೆರೆಯಬೇಕು ಎಂದು ಶಿವನಂಜಮ್ಮನಿಗೆ ಬಂದ ಮೊದಲ ತಿಂಗಳಲ್ಲೇ ಹತ್ತಿತು. ಕೊಳ್ಳೇಗಾಲದ ಆಫೀಸಿಗೆ ಅಲೆದಳು. ಕೊನೆಗೆ ಅವರು ಒಂದು ಮಾತು ಕೊಟ್ಟರು: ಇನ್‌ಸ್ಪೆಕ್ಟರು ಬಂದ ದಿನ ನಾಲ್ಕನೇ ತರಗತಿಯಲ್ಲಿ ಹನ್ನೆರಡು ಮಕ್ಕಳು ಹಾಜರಿರಬೇಕು, ಇದ್ದರೆ ಐದನೆಯದಕ್ಕೆ ಶಿಫಾರಸು, ಇಲ್ಲದಿದ್ದರೆ ಇಲ್ಲ. ಹೆಸರು ಬರೆಸಿದ್ದವರು ಹದಿನಾಲ್ಕು ಮಕ್ಕಳು. ಇದೇನು ಮಹಾ ಅಂದುಕೊಂಡು ಆಕೆ ಖುಷಿಯಲ್ಲಿ ಬಸ್ಸಿಳಿದಳು.

ಆದರೆ ಹೊಂಗೆದೊಡ್ಡಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರು ಅಪ್ಪ ಅಮ್ಮಂದಿರಲ್ಲ, ರೇಷ್ಮೆಹುಳುಗಳು. ಇಡೀ ಊರು ಒಂದೇ ಕಡೆಯಿಂದ ಮೊಟ್ಟೆ ತರುತ್ತಿತ್ತು, ಒಂದೇ ದಿನ ಮರಿ ಮಾಡಿಸುತ್ತಿತ್ತು. ಹುಳುಗಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಪೊರೆ ಬಿಡುತ್ತವೆ. ಊರಿನವರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರದ ದಿನ ಸೊಪ್ಪು ಹಾಕುವಂತಿಲ್ಲ. ಅವತ್ತು ಮನೆಮಂದಿಗೆ ಬಿಡುವು, ಶಾಲೆ ತುಂಬಿ ತುಳುಕುತ್ತಿತ್ತು. ಹುಳುಗಳು ಎದ್ದ ದಿನ ಶಾಲೆ ಖಾಲಿ. ಸರ್ಕಾರದ ಕ್ಯಾಲೆಂಡರಿನಲ್ಲಿ ಇದಕ್ಕೆ ಜಾಗವಿರಲಿಲ್ಲ.

ಮೊದಲ ಸಲ ಹಾಗೆ ಖಾಲಿಯಾದಾಗ ಶಿವನಂಜಮ್ಮ ಒಬ್ಬ ಹುಡುಗಿಯನ್ನು ಹುಡುಕಿಕೊಂಡು ಹೋದಳು. ಪುಟ್ಟಮಲ್ಲಮ್ಮ, ದೊಡ್ಡಬಸಮ್ಮನ ಮೊಮ್ಮಗಳು, ನಾಲ್ಕನೇ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ದೊಡ್ಡಬಸಮ್ಮನದು ಊರಿಗೇ ದೊಡ್ಡ ಹುಳದ ಮನೆ. ಅರ್ಧ ಊರಿನ ಮಕ್ಕಳು ಅಲ್ಲೇ ಕೂತು ಸೊಪ್ಪು ಹೆಚ್ಚುತ್ತಿದ್ದರು. ಮುದುಕಿ ಬಾಗಿಲಲ್ಲೇ ತಡೆದಳು.

"ನಿಂತ್ಕಳವ್ವ ಅಲ್ಲೇ. ತಲೇಲಿರೋ ಮಲ್ಲಿಗೆ ತಗ್ದು ಆಚಿಕ್ ಇಡು. ಕೈಕಾಲ್ ತೊಳ್ಕಂಡು ಬಾ. ಬಾಯ್ಗೆ ಒಗೆಸೊಪ್ಪು ಗಿಗೆಸೊಪ್ಪು ಆಕಂಡಿದ್ದೀಯಾ?"

"ಇಲ್ಲ."

"ಆಕಂಡಿದ್ರೆ ಈಗ್ಲೇ ಯೋಳು. ಆ ಗಾಳಿ ಸೋಕುದ್ರೆ ಉಳ ಸತ್ತೋಯ್ತವೆ."

ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣಲಿಲ್ಲ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಹಸಿಸೊಪ್ಪಿನ ವಾಸನೆ, ತಂಪು, ಮತ್ತು ಮಳೆ. ಹೊರಗೆ ಸುಡುಬಿಸಿಲು ಬಿಟ್ಟು ಬಂದವಳಿಗೆ ಒಳಗೆ ಸಣ್ಣಗೆ, ಎಡೆಬಿಡದೆ ಮಳೆ ಬೀಳುವ ಸದ್ದು ಕೇಳಿತು. ಹೆಂಚು ನೋಡಿದಳು, ನೆಲ ನೋಡಿದಳು. ಆಮೇಲೆ ಅಟ್ಟಣಿಗೆಯ ಬಿದಿರ ತಟ್ಟೆಗಳ ಮೇಲೆ ಸಾವಿರಾರು ಹುಳುಗಳು ಸೊಪ್ಪು ಮೇಯುತ್ತಿರುವುದು ಕಂಡಿತು. ಹುಟ್ಟಿದಾಗಿನಿಂದ ರೇಷ್ಮೆ ಎಳೆಗಳ ನಡುವೆ ಬೆಳೆದವಳು ಆಕೆ. ಎಳೆಯನ್ನು ಮುಟ್ಟಿದರೆ ಸಾಕು, ಒಳ್ಳೆಯದೋ ಕೆಟ್ಟದ್ದೋ ಹೇಳಬಲ್ಲಳು. ಆದರೆ ಹುಳುವನ್ನು ಈ ಮೂವತ್ತಾರು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ.

"ಇದಾ ನಮ್ಮ ಎಳೆ?" ಎಂದಳು ತನ್ನಷ್ಟಕ್ಕೆ.

ಮಕ್ಕಳು ಕಿಸಕ್ಕನೆ ನಕ್ಕವು. ಆಕೆ ಅಲ್ಲೇ ನೆಲದ ಮೇಲೆ ಕೂತಳು. ಪುಟ್ಟಮಲ್ಲಮ್ಮನ ಕೈ ಸೊಪ್ಪು ಹೆಚ್ಚುತ್ತಿತ್ತು, ಬಾಯಿ ಖಾಲಿ ಇತ್ತು. ಕೈಗೆ ಕೆಲಸವಿದ್ದರೇನು, ಬಾಯಿಗೆ ಮಗ್ಗಿ ಹೇಳಲು ಏನು ಅಡ್ಡಿ ಎಂದು ಶಿವನಂಜಮ್ಮನಿಗೆ ಅನಿಸಿತು. ಏಳರ ಮಗ್ಗಿ ಶುರುವಾಯಿತು. ಮಕ್ಕಳ ಕತ್ತಿಯೂ ಮಗ್ಗಿಯ ಲಯಕ್ಕೆ ಬಿದ್ದು ಕೆಲಸ ಚುರುಕಾಯಿತು. ದೊಡ್ಡಬಸಮ್ಮ ಅದನ್ನು ಗಮನಿಸಿದಳು. ಬೇಡ ಅನ್ನಲಿಲ್ಲ.

ಶಿವನಂಜಮ್ಮನ ಅಪ್ಪ, ನೇಕಾರ ವೆಂಕಟಸ್ವಾಮಿಗೆ ಒಂದು ಅಭ್ಯಾಸವಿತ್ತು. ಬೆಳಗಿನ ಜಾವ ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸು ಬಿಗಿದು ಎಳೆ ಸರಿಮಾಡುವಾಗ ಎಲ್ಲೋ ಒಂದು ಎಳೆ ಕಿತ್ತುಹೋದರೆ, ಇದ್ದಲ್ಲಿಂದಲೇ ಹಿಡಿದು ಎಳೆಯಲು ಯಾರಿಗೂ ಬಿಡುತ್ತಿರಲಿಲ್ಲ. "ಅದು ಬರೋದಿಲ್ಲ, ನಾವೇ ಹೋಗಬೇಕು" ಎನ್ನುತ್ತ ಬೀದಿಯ ಆ ತುದಿಯವರೆಗೆ ನಡೆದುಹೋಗಿ, ಕಿತ್ತ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು ಗಂಟು ಹಾಕಿ ಬರುತ್ತಿದ್ದ. ಹುಳದ ಮನೆಯ ಮಬ್ಬಿನಲ್ಲಿ ಕೂತಿದ್ದಾಗ ಶಿವನಂಜಮ್ಮನಿಗೆ ಅಪ್ಪನ ಬೆನ್ನು ಕಾಣುತ್ತಿತ್ತು. ಮಂಜಿನಲ್ಲಿ, ಬೀದಿಯ ತುದಿಯಲ್ಲಿ, ಬಾಗಿದ ಬೆನ್ನು. ಅಂದಿನಿಂದ ಹುಳುಗಳು ಎದ್ದ ದಿನಗಳಲ್ಲಿ ನಾಲ್ಕನೇ ತರಗತಿ ಅಲ್ಲಿಯೇ ನಡೆಯಿತು.

ದೊಡ್ಡಬಸಮ್ಮನಿಗೆ ಮಗ್ಗಿ ಇಷ್ಟವಾಯಿತೇ ಹೊರತು ಶಾಲೆ ಇಷ್ಟವಾಗಲಿಲ್ಲ. "ನಾಕು ಸಾಕು ಎಣ್ಣೈಕಳ್ಗೆ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಯಾಕೆಂದು ಕೇಳಿದ್ದಕ್ಕೆ, "ನಿಮ್ಮ ಇಸ್ಕೂಲ್ನ ನಾ ನಂಬಕಿಲ್ಲ ಕಣವ್ವ. ಇನ್‌ಸ್ಪೆಟ್ರು ಬಂದ್ ದಿನ ಬ್ಯಾರೆ ಊರಿನ್ ಐಕಳ ತಂದು ಕೂರುಸ್ತಾರೆ. ನನ್ ಮಗ ಚಿಕ್ಕಮಾದಪ್ಪ ಆ ಕಾಲ್ದಲ್ಲಿ ಇಲ್ಲೇ ಓದ್ತಿದ್ದ. ಅವ ಜ್ವರ ಬಂದು ಮನೇಲಿ ಮಲ್ಗಿದ್ನ, ಅಲ್ಲಿ ಯಾವನೋ ಒಬ್ಬ ಅವನ್ ಎಸ್ರಿಗೆ 'ಬಂದಿವ್ನಿ ಸಾ' ಅಂದ್ನಂತೆ. ಎಸ್ರು ನನ್ ಮಗಂದು, ಬಾಯಿ ಇನ್ನೊಬ್ಬಂದು. ಅಂತಾ ಜಾಗ್ದಲ್ಲಿ ಏನ್ ಕಲ್ತಾರು?" ಎಂದಳು.

ಇನ್‌ಸ್ಪೆಕ್ಟರು ಬರುವ ದಿನವನ್ನು ಆಕೆಯೇ ಗೊತ್ತು ಮಾಡಿಕೊಂಡು ಬಂದಿದ್ದಳು. ಅಲ್ಲೇ ಎಡವಟ್ಟಾದದ್ದು. ನಾಲ್ಕನೇ ಜ್ವರ ಎದ್ದರೆ ಇನ್ನು ಜ್ವರವಿಲ್ಲ, ಗಂಡಾಂತರ ಕಳೆಯಿತು ಎಂದು ಊರವರು ನಿಟ್ಟುಸಿರು ಬಿಡುವುದನ್ನು ಕೇಳಿದ್ದಳು. ನೇಕಾರರ ಮನೆಯಲ್ಲಿ ಹಾಸು ಮಗ್ಗಕ್ಕೇರಿದರೆ ಹೆಂಗಸರ ಓಡಾಟ ಮುಗಿದ ಹಾಗೆ. ಇಲ್ಲೂ ಹಾಗೇ ಇರಬೇಕು ಅಂದುಕೊಂಡು, ನಾಲ್ಕನೇ ಜ್ವರ ಎದ್ದ ಮುಂದಿನ ವಾರದ ಬುಧವಾರ ಎಂದು ಆಫೀಸಿನಲ್ಲಿ ಹೇಳಿ ಬಂದಿದ್ದಳು. ರೇಷ್ಮೆಯನ್ನು ಎಳೆಯಿಂದ ಈಚೆಗೆ ಬಲ್ಲವಳು, ಎಳೆಯಿಂದ ಆಚೆಗೆ ಅರಿಯಳು. ಆ ಬುಧವಾರ ಹುಳು ಹಣ್ಣಾಗುವ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಹೊರಡುವ ದಿನ.

ಸೋಮವಾರ ಅದನ್ನು ಹೇಳಿದವಳು ಪುಟ್ಟಮಲ್ಲಮ್ಮ. "ಟೀಚರಮ್ಮ, ಬುದ್ವಾರ ಯಾರೂ ಬರಕಿಲ್ಲ. ಬುದ್ವಾರ ಉಳ ಅಣ್ಣಾಯ್ತವೆ. ಅಣ್ಣಾದ್ ಉಳ ಆಯ್ದು ಆಯ್ದು ಚಂದ್ರಿಕೆಗೆ ಬುಡ್ಬೇಕು. ವಸಿ ತಡ ಆದ್ರೆ ಕಸ್ದಲ್ಲೇ ಗೂಡ್ ಕಟ್ಕಂಡು ಕೆಟ್ಟೋಯ್ತವೆ."

ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲೆಂದು ಸುರುಳಿ ಸುತ್ತಿ ಹೆಣೆದ ಬಿದಿರಿನ ಚಾಪೆ. ಒಂದು ತಿಂಗಳ ದುಡಿಮೆಯೆಲ್ಲ ಆ ಒಂದು ದಿನದ ಬೆರಳುಗಳ ಮೇಲೆ ನಿಂತಿರುತ್ತದೆ. ಮಕ್ಕಳ ಬೆರಳೇ ಅದಕ್ಕೆ ಸರಿ, ದೊಡ್ಡವರ ಬೆರಳು ಒರಟು.

ಶಿವನಂಜಮ್ಮ ಸದಾಶಿವಪ್ಪನ ಹತ್ತಿರ ಓಡಿದಳು. ದಿನ ಬದಲಿಸೋಣ ಅಂದರೆ ಇನ್‌ಸ್ಪೆಕ್ಟರು ಆಗಲೇ ಸರ್ಕೀಟು ಹೊರಟಾಗಿತ್ತು. ಮಾರ್ಟಳ್ಳಿ ಕಡೆ ಶಾಲೆಗಳನ್ನು ಮುಗಿಸಿಕೊಂಡು ನೇರ ಇಲ್ಲಿಗೇ ಬರುವವರಿದ್ದರು. ಸದಾಶಿವಪ್ಪ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ.

"ಅದ್ಕ್ಯಾಕೆ ಇಷ್ಟು ತಲೆ ಕೆಡುಸ್ಕತೀರಿ ಮೇಡಮ್ಮೋರೆ? ಬಂಡಳ್ಳೀಲಿ ನಮ್ಮಕ್ಕನ ಮಕ್ಳು ಅವ್ರೆ. ಅವ್ರ ಜೊತೆಗಾರರೂ ಸೇರುದ್ರೆ ಒಂದು ಗಾಡಿ ತುಂಬ ಆಯ್ತರೆ. ಬೆಳಗ್ಗೆ ಕರ್ಕಬತ್ತೀನಿ, ಎಸ್ರು ಬಾಯಿಪಾಠ ಮಾಡುಸ್ತೀನಿ, ಸಂಜೆ ಬಿಟ್ ಬತ್ತೀನಿ. ಮದ್ರಾಸ್ ಕಾಲ್ದಿಂದ್ಲೂ ನಡ್ಕಂಡು ಬಂದಿರೋದೇಯ. ನಮ್ಮ ಐಕಳೂ ಅಲ್ಲಿಗೆ ಎಷ್ಟೋ ಸಲ ಓಗವೆ. ಯಾರ್ಗೂ ಮೋಸ ಇಲ್ಲ, ಕೈಬದಲು ಅಷ್ಟೇಯ."

"ನಾಳೆ ಹೇಳ್ತೀನಿ" ಎಂದಳು ಶಿವನಂಜಮ್ಮ. ಬೇಡ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಒಪ್ಪಿಯೂ ಆಗಿತ್ತು. ಒಂದು ದಿನದ ನಾಟಕಕ್ಕೆ ಒಂದು ತರಗತಿ ಸಿಗುತ್ತದೆ; ಅದರಿಂದ ಪುಟ್ಟಮಲ್ಲಮ್ಮನಂಥ ಎಷ್ಟು ಹುಡುಗಿಯರು ಓದುತ್ತಾರೆ! ಕೆಟ್ಟದ್ದು ಯಾರಿಗೆ?

ಮಂಗಳವಾರ ಸಂಜೆ ಹೊಂಗೆಯ ಕೆಳಗೆ ಒಬ್ಬಳೇ ಕೂತಿದ್ದಾಗ ಎಂದಿನಂತೆ ಎಲ್ಲಿಗೋ ಹೋದಳು. ಈ ಸಲ ದೂರ ಹೋಗಲಿಲ್ಲ, ನಾಳೆಗೇ ಹೋದಳು. ಶಾಲೆ ತುಂಬಿತ್ತು. ಎಲ್ಲ ಮಕ್ಕಳೂ ಎಣ್ಣೆ ಹಚ್ಚಿ ತಲೆ ಬಾಚಿದ್ದವು. ಒಂದು ಮುಖದ ಗುರುತೂ ಸಿಗಲಿಲ್ಲ. "ಪುಟ್ಟಮಲ್ಲಮ್ಮ" ಎಂದು ಕರೆದಳು. ಯಾರೋ ಒಬ್ಬಳು ಹುಡುಗಿ ಎದ್ದು ನಿಂತು "ಬಂದಿದ್ದೀನಿ" ಎಂದಳು. ಬಾಗಿಲಾಚೆ ನಿಜವಾದ ಪುಟ್ಟಮಲ್ಲಮ್ಮ ಕೈಯಲ್ಲಿ ಒಂದು ಹಣ್ಣುಹುಳು ಹಿಡಿದು ನಿಂತಿದ್ದಳು. ಒಳಗೆ ಬರಲಿಲ್ಲ. ತನ್ನ ಜಾಗದಲ್ಲಿ ಯಾರು ಕೂತಿದ್ದಾರೆ ಎಂದು ಸುಮ್ಮನೆ ನೋಡುತ್ತಿದ್ದಳು. ಶಿವನಂಜಮ್ಮ ಕಣ್ಣು ಬಿಟ್ಟಳು. ಎದ್ದವಳೇ ಸದಾಶಿವಪ್ಪನ ಮನೆಗೆ ಹೋಗಿ, "ಗಾಡಿ ಬೇಡ" ಎಂದಳು.

"ತರಗತಿ ಓಯ್ತದೆ ಮೇಡಮ್ಮೋರೆ."

"ಗೊತ್ತು" ಎಂದಳು. ಗೊತ್ತಿದ್ದೂ ಹೇಳಿದ್ದಕ್ಕೆ ಆಕೆಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಬುಧವಾರ ಇನ್‌ಸ್ಪೆಕ್ಟರ್ ಶಿವರುದ್ರಸ್ವಾಮಿ ಸೈಕಲ್ಲಿನಲ್ಲಿ ಬಂದರು. ದಪ್ಪ ಮನುಷ್ಯರು, ಮಾತು ಮೆತ್ತಗೆ. ಸೈಕಲ್ಲು ಹೊಂಗೆಮರಕ್ಕೆ ಒರಗಿಸಿ, ಜೇಬಿನಿಂದ ಬೆಳ್ಳಿಯ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿ, ಖಾಲಿ ಶಾಲೆಯನ್ನು ನೋಡಿದರು.

"ಮಕ್ಕಳೆಲ್ಲಮ್ಮಾ?"

"ಹುಳದ ಮನೇಲಿ ಸಾರ್. ಇವತ್ತು ಹುಳು ಹಣ್ಣಾಗಿದೆ. ಪಾಠ ಅಲ್ಲೇ ನಡೀತಿದೆ. ಬನ್ನಿ, ತೋರಿಸ್ತೀನಿ."

ಶಿವರುದ್ರಸ್ವಾಮಿಯವರು ಹುಬ್ಬೇರಿಸಿದರು. ಆದರೂ ಹಿಂದೆ ಬಂದರು. ಸದಾಶಿವಪ್ಪ ಅವರ ಹಿಂದೆ, ಕೊಡೆ ಹಿಡಿದು. ದೊಡ್ಡಬಸಮ್ಮನ ಬಾಗಿಲಿಗೆ ಬಂದು ಇನ್‌ಸ್ಪೆಕ್ಟರು ಬೂಟು ಬಿಚ್ಚಲು ದಾರ ಸಡಿಲಿಸಿದ್ದರಷ್ಟೇ, ಮುದುಕಿ ಮೂಗು ಅರಳಿಸಿದಳು.

"ನಶ್ಯ ಏರ್ಸಿದ್ದೀರಾ ಸಾಮಿ?"

"ಹೂಂ ತಾಯಿ, ಯಾಕೆ?"

"ಅಂಗಾರೆ ಒಳಿಕ್ ಬುಡಕಿಲ್ಲ."

ಸದಾಶಿವಪ್ಪ ಕೊಡೆ ಮಡಚಿ ಮುಂದೆ ಬಂದ. "ಅವ್ವಾ, ಇನ್‌ಸ್ಪೆಟ್ರು ಕಣವ್ವ ಅವ್ರು!" ಎಂದ.

"ಜಿಲ್ಲಾ ಕಲೆಕ್ಟ್ರೇ ಆಗ್ಲಿ. ತಟ್ಟೆ ತಟ್ಟೇನೇ ಸತ್ತೋದ್ರೆ ಅವ್ರೇನ್ ಕಟ್ಕೊಟ್ಟಾರಾ?"

ಇನ್‌ಸ್ಪೆಕ್ಟರರ ಮುಖ ಗಡುಸಾಯಿತು. ಬೂಟಿನ ದಾರ ಮತ್ತೆ ಕಟ್ಟಿಕೊಂಡರು. "ಹಾಗಾದರೆ ಮಕ್ಕಳನ್ನು ಆಚೆ ಕರೀರಮ್ಮ. ಒಂದೈದು ನಿಮಿಷ ಸಾಲಾಗಿ ನಿಲ್ಲಲಿ, ನೋಡಿ ಹೋಗ್ತೀನಿ."

ಎಷ್ಟು ಸುಲಭದ ಮಾತು! ಶಿವನಂಜಮ್ಮ ಬಾಗಿಲ ಸಂದಿಯಿಂದ ಒಳಗೆ ನೋಡಿದಳು. ಮಳೆ ನಿಂತಿತ್ತು. ಹುಳುಗಳು ಮೇಯುವುದು ಬಿಟ್ಟು ತಲೆಯೆತ್ತಿ ತೂಗುತ್ತ ಏನನ್ನೋ ಹುಡುಕುತ್ತಿದ್ದವು. ಮೈ ಹಳದಿಯಾಗಿ, ಒಳಗೆ ದೀಪ ಇಟ್ಟ ಹಾಗೆ ಬೆಳಕು ಹಾಯುತ್ತಿತ್ತು. ಅವುಗಳ ನಡುವೆ ಮಕ್ಕಳ ಬೆರಳು ಓಡಾಡುತ್ತಿದ್ದವು: ಎತ್ತು, ಬಿಡು, ಎತ್ತು, ಬಿಡು. ಈ ಬೆರಳುಗಳನ್ನು ಐದು ನಿಮಿಷ ಬಿಸಿಲಿನಲ್ಲಿ ಸಾಲು ನಿಲ್ಲಿಸಿದರೆ ಎಷ್ಟು ಗೂಡು ಕೆಡುತ್ತವೋ. ಅದೂ ಯಾರಿಗಾಗಿ? ತಾನು ತಪ್ಪು ದಿನ ಗೊತ್ತು ಮಾಡಿಕೊಂಡು ಬಂದದ್ದಕ್ಕೆ.

"ಕ್ಷಮಿಸಿ ಸಾರ್. ಈಗ ಕರೆಯೋಕ್ಕಾಗಲ್ಲ" ಎಂದಳು. "ದಿನ ಗೊತ್ತು ಮಾಡಿದ್ದು ನಾನು. ತಪ್ಪು ನಂದು. ಮಕ್ಕಳದ್ದಲ್ಲ, ಈ ಮನೆಯವರದ್ದೂ ಅಲ್ಲ. ನೀವು ಕಿಟಕಿ ಹತ್ತಿರ ನಿಂತು ಏನು ಬೇಕಾದರೂ ಕೇಳಿ. ಅವರು ಒಳಗಿಂದಲೇ ಹೇಳ್ತಾರೆ."

ಇನ್‌ಸ್ಪೆಕ್ಟರು ಹೊರಟೇ ಹೋಗುತ್ತಾರೆ ಎಂದು ಆಕೆ ಅಂದುಕೊಂಡಳು. ಅವರು ನಿಧಾನವಾಗಿ ಗೋಡೆ ಬಳಸಿ ಬಂದು, ಗೋಣಿ ಇಳಿಬಿಟ್ಟ ಕಿಟಕಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಗಂಟಲು ಸರಿಮಾಡಿಕೊಂಡು, ಕಾಣದ ತರಗತಿಗೆ ಮೊದಲ ಪ್ರಶ್ನೆ ಕೇಳಿದರು. "ಕಾವೇರಿ ಎಲ್ಲಿ ಹುಟ್ಟುತ್ತೆ?"

ಗೋಣಿಯ ಹಿಂದಿನಿಂದ ಒಂದು ಧ್ವನಿ ಬಂತು. ಆಮೇಲೆ ಇನ್ನೊಂದು. ಮುಖಗಳಿಲ್ಲ, ಬರೀ ದನಿಗಳು. ಹದಿಮೂರರ ಮಗ್ಗಿ ಕೇಳಿದರು. ಅದು ಒಂದು ಮೂಲೆಯಿಂದ ಹೊರಟು, ತಟ್ಟೆಯಿಂದ ತಟ್ಟೆಗೆ ದಾಟುತ್ತ, ಬೇರೊಂದು ಮೂಲೆಯಲ್ಲಿ ಮುಗಿಯಿತು. ಒಂದು ಕಥೆ ಹೇಳಿ ಎಂದರು. ಪುಟ್ಟಮಲ್ಲಮ್ಮನ ಧ್ವನಿ ಒಂದು ಕಥೆ ಶುರುಮಾಡಿತು: ಒಂದು ಹುಳು ಇತ್ತಂತೆ, ಅದು ತನ್ನ ಮನೆಯನ್ನು ತನ್ನ ಬಾಯಿಂದಲೇ ಕಟ್ಟಿ ಒಳಗೆ ಮಲಗಿ, ಕೊಳ್ಳೇಗಾಲದ ಒಂದು ಸೀರೆಯ ಕನಸು ಕಂಡಿತಂತೆ. ಶಿವರುದ್ರಸ್ವಾಮಿಯವರು ಡಬ್ಬಿ ತೆಗೆಯಲು ಜೇಬಿಗೆ ಕೈ ಹಾಕಿದವರು ಹಾಗೇ ಹಿಂದಕ್ಕೆ ತೆಗೆದರು. ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಎಷ್ಟು ಹೊತ್ತಾಯಿತೋ, ಬಿಸಿಲು ಅವರ ಮೊಣಕಾಲಿನವರೆಗೂ ಬಂದಿತ್ತು.

ಕೊನೆಗೆ ಎದ್ದು ಪಂಚೆ ಕೊಡವಿಕೊಂಡರು. ಮುಖ ಮೆತ್ತಗಾಗಿತ್ತು. "ಚೆನ್ನಾಗಿ ಕಲಿತಿದ್ದಾರಮ್ಮ" ಎಂದರು. ಆಮೇಲೆ ದನಿ ತಗ್ಗಿಸಿ, "ನನಗೆ ಕಣ್ಣಿಗೆ ಕಾಣಲಿಲ್ಲ. ದನಿ ಎಣಿಸೋಕ್ಕೆ ಆಗಲ್ಲ. ಒಳಗೆ ನಾಲ್ಕನೇ ತರಗತಿಯವರು ಎಷ್ಟಿದ್ದಾರೆ? ಹನ್ನೆರಡು ಇರಬಹುದು, ಅಲ್ವಾ?" ಎಂದರು.

ಅದು ಪ್ರಶ್ನೆಯಲ್ಲ, ಅವರೇ ತೆರೆದಿಟ್ಟ ಬಾಗಿಲು. ಸದಾಶಿವಪ್ಪ ಅವರ ಬೆನ್ನ ಹಿಂದೆ ನಿಂತು ಜೋರಾಗಿ ತಲೆಯಾಡಿಸುತ್ತಿದ್ದ. ಹೂಂ ಅಂದರೆ ಸಾಕು. ಯಾರನ್ನೂ ಎರವಲು ತಂದಿಲ್ಲ, ಯಾರ ಹೆಸರನ್ನೂ ಯಾರಿಗೂ ಕೊಟ್ಟಿಲ್ಲ, ಒಂದು ಹೂಂ. ಐದನೇ ತರಗತಿ ಆಕೆಯ ನಾಲಿಗೆಯ ತುದಿಯಲ್ಲಿತ್ತು.

ಒಳಗೆ ಸದ್ದಡಗಿತ್ತು. ಹುಳುಗಳೂ ಸುಮ್ಮನಿದ್ದವು, ಮಕ್ಕಳೂ ಸುಮ್ಮನಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಶಿವನಂಜಮ್ಮನಿಗೆ ತಿಳಿಯಿತು. ಒಳಗಿರುವ ಒಬ್ಬೊಬ್ಬ ಮಗುವಿಗೂ ತಾವು ಎಷ್ಟು ಜನ ಅಂತ ಗೊತ್ತು. ಎಣಿಸುವುದನ್ನು ಅವರಿಗೆ ಕಲಿಸಿದವಳು ತಾನೇ.

"ಒಂಬತ್ತು ಸಾರ್" ಎಂದಳು. "ಉಳಿದವರು ಬೇರೆ ಊರುಗಳಿಗೆ, ನೆಂಟರ ಮನೆ ಹುಳು ಆಯೋಕ್ಕೆ ಹೋಗಿದ್ದಾರೆ."

ಶಿವರುದ್ರಸ್ವಾಮಿಯವರು ಆಕೆಯನ್ನೇ ಒಂದು ಕ್ಷಣ ನೋಡಿದರು. "ಒಂಬತ್ತು ಅಂತಲೇ ಬರೀಬೇಕಾಗುತ್ತಮ್ಮ" ಎಂದರು, ಬೇಸರದಿಂದ. ಆಕೆ ತಲೆಯಾಡಿಸಿದಳು. ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ಹುಳದ ಮನೆಯ ಹಿಂದಕ್ಕೆ ಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಾಡಿದ್ದು ಸರಿ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಒಂದು ಹೂಂಗೆ ಇಷ್ಟು ಹುಡುಗಿಯರ ಓದು ಹಾಳುಮಾಡಿದೆನಲ್ಲ ಎಂದೇ ಅನಿಸುತ್ತಿತ್ತು. ಮೈಸೂರಿನ ಆ ಉಪನ್ಯಾಸಕರು ಎದುರಿಗೆ ಬಂದಿದ್ದರೆ ಅವರ ಕನ್ನಡಕ ಕಿತ್ತು ಎಸೆಯುತ್ತಿದ್ದಳೇನೋ.

ಗೂಡು ಬಿಡಿಸಿ, ಕೊಳ್ಳೇಗಾಲದ ಮಾರುಕಟ್ಟೆಗೆ ಸಾಗಿಸಿ ಆಯಿತು. ಬೇಸಿಗೆ ರಜಕ್ಕೆ ಮುಂಚೆ ಆಫೀಸಿನಿಂದ ಉತ್ತರ ಬಂತು: ಹೊಂಗೆದೊಡ್ಡಿಯಲ್ಲಿ ಐದನೇ ತರಗತಿ ಇಲ್ಲ. ಶಿವನಂಜಮ್ಮ ರಜಕ್ಕೆ ಊರಿಗೆ ಹೋಗಿ ಗಂಡನ ಮಗ್ಗದ ಪಕ್ಕದಲ್ಲಿ ಕೂತು ಹಾಸಿನ ಎಳೆಗಳನ್ನು ನೋಡುತ್ತಿದ್ದಳು. ರಾಮಲಿಂಗಯ್ಯ "ಬಂದೆಯಾ?" ಎಂದು ಕೇಳುವುದನ್ನೂ ಬಿಟ್ಟಿದ್ದ.

ರಜ ಮುಗಿದು ಶಾಲೆ ತೆರೆದ ಬೆಳಿಗ್ಗೆ ಮಂಜು ಇನ್ನೂ ಹೊಂಗೆಯಿಂದ ಇಳಿದಿರಲಿಲ್ಲ. ಶಿವನಂಜಮ್ಮ ಬೀಗ ತೆಗೆಯುತ್ತಿದ್ದಾಗ ಗಾಡಿಯ ಗಾಲಿ ಕಿರುಗುಟ್ಟುವುದು ಕೇಳಿಸಿತು. ಮಂಜಿನೊಳಗಿಂದ ಮೊದಲು ಎತ್ತಿನ ಕೊಂಬು ಬಂತು, ಆಮೇಲೆ ಮೂಗುದಾರ ಹಿಡಿದ ಚಿಕ್ಕಮಾದಪ್ಪ, ಆಮೇಲೆ ಸೊಪ್ಪು ಸಾಗಿಸುವ ಅವರ ಮನೆಯ ಗಾಡಿ. ಗಾಡಿಯ ತುಂಬ ಸೊಪ್ಪಿರಲಿಲ್ಲ, ಹುಡುಗಿಯರಿದ್ದರು. ಹಳೇ ಗೋಣಿಗಳ ಮೇಲೆ ಒಬ್ಬರಿಗೊಬ್ಬರು ಒರಗಿಕೊಂಡು, ಅರ್ಧ ನಿದ್ದೆಯಲ್ಲಿ, ತೊಡೆಯ ಮೇಲೆ ಸ್ಲೇಟು. ನಡುವೆ ಪುಟ್ಟಮಲ್ಲಮ್ಮ. ಎಲ್ಲರ ಹಿಂದೆ, ತಲೆಗೆ ಸೆರಗು ಹೊದ್ದು ಕೂತಿದ್ದವಳು ದೊಡ್ಡಬಸಮ್ಮ. ಇದೂ ತನ್ನ ಎಂದಿನ ಕನಸಿರಬೇಕೆಂದು ಶಿವನಂಜಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಚೌಕಟ್ಟು ಗಟ್ಟಿಯಾಗಿಯೇ ಇತ್ತು.

"ಎಲ್ಲಿಗೆ ಅವ್ವ?" ಎಂದಳು.

"ಎಲ್ಲಿಗೇನು, ಬಂಡಳ್ಳಿ ಇಸ್ಕೂಲ್ಗೆ. ಐದ್ನೇ ಕಳಾಸ್ಗೆ." ಮುದುಕಿಯ ಧ್ವನಿ ಎಂದಿನಂತೆ ಗಡುಸಾಗಿಯೇ ಇತ್ತು. "ದಿನಾ ಗಾಡಿ ಓಯ್ತದೆ, ಗಾಡಿ ಬತ್ತದೆ. ಅಳ್ಳ ದಾಟ್ಸೋ ಗಂಟ ನಮ್ಮ ಚಿಕ್ಕಮಾದ ಇರ್ತನೆ. ಇವತ್ತು ಮೊದಲ್ನೇ ದಿನ ಅಂತ ನಾನೂ ಜೊತೇಲಿ ಒಂಟಿವ್ನಿ."

ಶಿವನಂಜಮ್ಮ ಗಾಡಿಯ ಹತ್ತಿರ ಬಂದಳು. "ನಾಲ್ಕು ಸಾಕು ಅಂದಿದ್ರಲ್ಲ ನೀವು."

"ಅಂದಿದ್ದೆ. ಅವತ್ತು ಬಾಗ್ಲ್ ಇಂದ್ಗಡೆ ನಿಂತ್ಕಂಡು ನೀನು ಅನ್ನೆರ್ಡು ಅಂತೀಯ ಅಂತ ಕಾಯ್ತಾ ಇದ್ದೆ. ಅಂದಿದ್ರೆ ನಿನ್ಗೇ ಲಾಬ ಇತ್ತು. ಐಕಳೂ ಕಾಯ್ತಿದ್ವು. ನೀನು ಒಂಬತ್ತು ಅಂದೆ." ಮುದುಕಿ ಬಾಯಿ ಒರೆಸಿಕೊಂಡಳು. "ಇದ್ದಷ್ಟೇ ಯೋಳೋಳು ಸಿಕ್ಕುದ್ಲಲ್ಲ ಅಂತ ನಂಗೆ ನಿದ್ದೇನೇ ಬರ್ಲಿಲ್ಲ ಕಣವ್ವ."

ಚಿಕ್ಕಮಾದಪ್ಪ ಎತ್ತಿನ ಬೆನ್ನು ತಟ್ಟಿದ. ಗಾಡಿ ಅಲುಗಿತು. ಶಿವನಂಜಮ್ಮ ನಾಲ್ಕು ಹೆಜ್ಜೆ ಜೊತೆಯಲ್ಲೇ ನಡೆದಳು. ತನ್ನ ನಾಲ್ಕನೇ ತರಗತಿ ಹಾಗೇ ಎದ್ದು ಬೇರೆ ಶಾಲೆಗೆ ಹೋಗುತ್ತಿತ್ತು. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಪಡುವಾಗಲೂ ಇಷ್ಟೊಂದು ಸಂತೋಷವಾಗುತ್ತದೆಯೇ ಎಂದು ಆಕೆಗೇ ಆಶ್ಚರ್ಯ.

"ಟೀಚರಮ್ಮ," ದೊಡ್ಡಬಸಮ್ಮ ಗಾಡಿಯಿಂದ ಬಾಗಿ ಕೇಳಿದಳು, "ಅಲ್ಲಿ ಮೇಷ್ಟ್ರು ಈ ಐಕಳ ಯಾರು ಕಳ್ಸುದ್ದು ಅಂತ ಕೇಳುದ್ರೆ ಏನನ್ನನ?"

"ನೀವೇ ಕಳಿಸಿದ್ದು ಅನ್ನಿ ಅವ್ವ. ನನ್ನ ಹೆಸರು ಯಾಕೆ?"

ಮುದುಕಿ ಆಕೆಯನ್ನು ಹುಡುಗಿಯೊಬ್ಬಳನ್ನು ಗದರುವಂತೆ ನೋಡಿದಳು. "ಮಕ್ಕಳ ಮುಂದೆ ನಂಗೂ ಸುಳ್ ಯೋಳಿಸ್ತೀಯಾ? ನಿಜಾನೇ ಯೋಳ್ತೀನಿ. ನಮ್ಮ ಟೀಚರಮ್ಮ ಕಳ್ಸುದ್ಲು ಅಂತೀನಿ."

ಗಾಡಿ ಮಂಜಿನೊಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಗಾಲಿಯ ಸದ್ದೂ ಹಳ್ಳದ ಕಡೆ ಕರಗಿತು. ಜಗಲಿಯ ಮೇಲೆ ಒಂದನೇ ತರಗತಿಯ ಹೊಸ ಮಕ್ಕಳು ಆಗಲೇ ಅಳಲು ಶುರುಮಾಡಿದ್ದವು. ಶಿವನಂಜಮ್ಮ ಕಣ್ಣೊರೆಸಿಕೊಂಡು ಅವುಗಳ ಹೆಸರು ಕೇಳಲು ಒಳಗೆ ಹೋದಳು.